ಮೈಯ ಸಾಕ್ಷ್ಯ



ನಾಲಗೆ ಮರೆಮಾಚಿದುದನ್ನು ಮೈ ಹೊರಗೆಡಹುವುದೆಂಬ ನಂಬಿಕೆ ಬಹು ಹಳೆಯದು. ನಮ್ಮ ಧರ್ಮಶಾಸ್ತ್ರಗಳಲ್ಲಿ ‘ತಂಡುಲ ದಿವ್ಯ’ವೆಂಬ ಪರೀಕ್ಷೆಯುಂಟು. ಕಳವಿನ ಆರೋಪಕ್ಕೆ ಒಳಗಾದವನು ಅಕ್ಕಿಯನ್ನು ಅಗಿದು ಎಲೆಯ ಮೇಲೆ ಉಗುಳಬೇಕು. ಉಗುಳಿನಲ್ಲಿ ನೆತ್ತರು ಕಂಡರೆ, ಮೈ ನಡುಗಿದರೆ, ಅವನು ಅಪರಾಧಿ. ಭಯದಲ್ಲಿ ಬಾಯಿ ಒಣಗುವುದು, ಒಣಗಿದ ಬಾಯಲ್ಲಿ ಅಕ್ಕಿ ಒಸಡನ್ನು ಗೀರುವುದು ಸಹಜವೇ. ಆದರೆ ಆ ಭಯ ಕಳ್ಳನಿಗೆ ಮಾತ್ರ ಮೀಸಲೇ?

ಈ ಪ್ರಶ್ನೆ ಸುಳ್ಳುಪತ್ತೆ ಯಂತ್ರಕ್ಕೂ ಸಲ್ಲುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ 1921ರಲ್ಲಿ ಜಾನ್ ಲಾರ್ಸನ್ ಅವರು ರಕ್ತದೊತ್ತಡವನ್ನೂ ಉಸಿರಾಟವನ್ನೂ ಒಟ್ಟಿಗೆ ಗೆರೆಗಳಾಗಿ ಬರೆಯುವ ಯಂತ್ರವನ್ನು ರೂಪಿಸಿದರು. ಬೆರಳಿನ ಬೆವರನ್ನು ಗುರುತಿಸುವ ಸಾಧನವೂ ಮುಂದೆ ಸೇರಿತು. ಇವುಗಳಲ್ಲಿ ಯಾವುದೂ ಸುಳ್ಳನ್ನು ಅಳೆಯುವುದಿಲ್ಲ. ಅಳೆಯುವುದು ಶರೀರದ ಉದ್ವೇಗವನ್ನು.

ಸ್ವರ್ಣವಲ್ಲಿಯ ಸುತ್ತಣ ಸೀಮೆಯಲ್ಲಿ ಅಂಗಳದಲ್ಲಿ ಒಣಗಹಾಕಿದ್ದ ಚಾಲಿ ಅಡಕೆ ಕಳುವಾಯಿತೆಂದು ಭಾವಿಸಿರಿ. ತೋಟದ ಆಳನ್ನು ಕುಳ್ಳಿರಿಸಿ, “ಅಡಕೆ ಕದ್ದವನು ನೀನೇ?” ಎಂದೂ, “ಹಿಂದೆ ಎಂದಾದರೂ ಪರರ ವಸ್ತುವನ್ನು ತೆಗೆದುಕೊಂಡಿದ್ದೆಯಾ?” ಎಂದೂ ಕೇಳುತ್ತಾರೆ. ನಿರಪರಾಧಿಯು ಎರಡನೆಯದಕ್ಕೇ ಹೆಚ್ಚು ಕಳವಳಗೊಳ್ಳುವನೆಂಬುದು ಪರೀಕ್ಷಕರ ಎಣಿಕೆ. ಆದರೆ ಕೂಲಿಯೂ ಮಾನವೂ ಹೋದೀತೆಂದು ಅಂಜುವ ಬಡವನ ಎದೆ ಮೊದಲನೆಯ ಪ್ರಶ್ನೆಗೇ ಹೊಡೆದುಕೊಳ್ಳಬಾರದೇಕೆ?

ಇನ್ನೊಂದು ಕ್ರಮವನ್ನು ಡೇವಿಡ್ ಲಿಕ್ಕನ್ 1959ರಲ್ಲಿ ಮುಂದಿಟ್ಟರು. ಮೂಟೆ ದೊರೆತ ಸ್ಥಳಗಳೆಂದು ಐದಾರನ್ನು ಹೆಸರಿಸುತ್ತಾ ಹೋದರೆ, ನಿಜವಾದ ಸ್ಥಳದ ಹೆಸರಿಗೆ ಅದನ್ನು ಬಲ್ಲವನ ಮೈ ಮಾತ್ರ ಬೇರೆಯಾಗಿ ಪ್ರತಿಕ್ರಿಯಿಸಬೇಕು. ಇದು ಹೆಚ್ಚು ಯುಕ್ತವಾದುದು. ಆದರೆ ಆ ಸುದ್ದಿ ಆಗಲೇ ಊರೆಲ್ಲ ಹಬ್ಬಿದ್ದರೆ ನಿಷ್ಫಲ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪಂಡಿತರು 2003ರಲ್ಲಿ ಪ್ರಕಟಿಸಿದ ವರದಿಯಂತೆ, ನಿರ್ದಿಷ್ಟ ಘಟನೆಯ ವಿಚಾರಣೆಯಲ್ಲಿ ಈ ಯಂತ್ರದ ಫಲ ಬರಿಯ ಊಹೆಗಿಂತ ಮೇಲು, ಪರಿಪೂರ್ಣತೆಗಿಂತ ಬಹಳ ಕೆಳಗೆ.

ನಮ್ಮ ದೇಶದ ನಿರ್ಣಯ ಹೊರಟದ್ದೂ ಕರ್ನಾಟಕದ ಹೆಸರಿನ ಮೊಕದ್ದಮೆಯಿಂದಲೇ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಗುರಿಪಡಿಸಕೂಡದೆಂದು ವಿಧಿಸಿತು. ಒಪ್ಪಿಗೆಯು ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಒಪ್ಪಿ ನಡೆದ ಪರೀಕ್ಷೆಯ ಫಲವೂ ತಾನಾಗಿ ಸಾಕ್ಷ್ಯವಾಗದು.

ಆದುದರಿಂದ, ಪರೀಕ್ಷೆಯನ್ನು ಒಲ್ಲೆನೆಂದವನನ್ನು ಕಳ್ಳನೆಂದು ಬಗೆಯುವುದು ನ್ಯಾಯವಲ್ಲ. ಗೆರೆ ಏರಿತೆಂಬುದನ್ನು ಯಂತ್ರ ತೋರಿಸಬಲ್ಲದು; ಏಕೆ ಏರಿತೆಂಬುದನ್ನು ಸಾಕ್ಷಿ, ಪುರಾವೆಗಳಿಂದ ನಾವೇ ಕಂಡುಕೊಳ್ಳಬೇಕು.