ಕಂತು ಉಳಿದಿತ್ತು, ವಾರಂಟಿ ಮುಗಿದಿತ್ತು

(ಮಿಲ್ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಬೋನಸ್ಸಿನ ಮಾತು ಆಡಲು ಬಂದಿಲ್ಲ; ಒಂದು ಫ್ರಿಜ್ಜಿನ ಮಾತು ಆಡಲು ಬಂದಿದ್ದೇವೆ. ಕೆಲವರು ನಗುತ್ತಿದ್ದೀರಿ. ಫ್ರಿಜ್ಜು ಇಟ್ಟವನಿಗೆ ಎಂಥ ಕಷ್ಟವೆಂದು ನಿಮಗೆ ಅನ್ನಿಸಬಹುದು. ಕಂತಿನ ಮೇಲೆ ಒಂದು ಯಂತ್ರವನ್ನೂ ತಾರದ ಮನೆಯವರು ಇಲ್ಲಿ ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ ನೋಡೋಣ. ನಾಲ್ಕು ಕೈ. ಮಿಕ್ಕವರೆಲ್ಲ ನಮ್ಮ ಹಾಗೆಯೇ ಸಿಕ್ಕಿಕೊಂಡವರು.

ನಮ್ಮ ತಾಯಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು. ಬೇಸಿಗೆಯಲ್ಲಿ ಆ ಸೀಸೆಯನ್ನು ಹೊರಗಿಡುವಂತಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ನಾವು 27,000 ರೂಪಾಯಿಯ ಫ್ರಿಜ್ಜನ್ನು ಹದಿನೆಂಟು ಕಂತಿನ ಮೇಲೆ ತಂದೆವು. ತಿಂಗಳಿಗೆ 1,500. ಬಡ್ಡಿ ಇಲ್ಲವೆಂದರು, ಕಾಗದಪತ್ರದ ಖರ್ಚೆಂದು ಬೇರೆ ಹಿಡಿದರು, ಆ ಮಾತು ಇರಲಿ. ವಾರಂಟಿ ಹನ್ನೆರಡು ತಿಂಗಳು. ಹದಿನಾಲ್ಕನೆಯ ಕಂತು ಕಟ್ಟಿದ ವಾರವೇ ಫ್ರಿಜ್ಜು ನಿಂತಿತು. ಬಂದ ಹುಡುಗ ಹಿಂದಿನ ತಗಡು ಬಿಚ್ಚಿ, "ಅಮ್ಮಾ, ಬೋರ್ಡು ಹೋಗಿದೆ. ಹೊಸದಕ್ಕೆ 6,800 ಆಗುತ್ತೆ. ವಾರಂಟಿ ಮುಗಿದಿದೆ" ಎಂದ. ತಾಯಿ ಕೇಳಿದರು: "ಕಂತು ಇನ್ನೂ ಮುಗಿದಿಲ್ಲವಲ್ಲ ತಮ್ಮಾ, ವಾರಂಟಿ ಹೇಗೆ ಮುಗಿಯಿತು?" ಆ ಹುಡುಗನಲ್ಲಿ ಉತ್ತರವಿರಲಿಲ್ಲ. ಅವನೂ ದಿನಗೂಲಿಯವನೇ. ಬಂದುಹೋದ ಶುಲ್ಕವೆಂದು 450 ರೂಪಾಯಿ ಪಡೆದು ಹೋದ.

ಲೆಕ್ಕ ನೋಡಿ. ಉಳಿದ ಕಂತು 6,000. ಬೋರ್ಡಿಗೆ 6,800. ಕಂತು ನಿಲ್ಲಿಸಿದರೆ ಫೈನಾನ್ಸಿನವರು ಬಾಗಿಲಿಗೆ ಬರುತ್ತಾರೆ. ಸಾಲ ಕೊಟ್ಟವನಿಗೆ ಹದಿನೆಂಟು ತಿಂಗಳು ನಾವು ಜವಾಬುದಾರರು. ಮಾಲು ಮಾಡಿದವನು ನಮಗೆ ಜವಾಬುದಾರನಾಗಿರುವುದು ಹನ್ನೆರಡೇ ತಿಂಗಳು. ಈ ಆರು ತಿಂಗಳ ಅಂತರವನ್ನು ಯಾರು ಇಟ್ಟರು? ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನ ಮಡಕೆಯೊಳಗಿಟ್ಟು, ಮೇಲೆ ಹಸಿ ಬಟ್ಟೆ ಹೊದಿಸಿ, ಆ ರಾತ್ರಿಯೆಲ್ಲ ನಾವು ಇದನ್ನೇ ಯೋಚಿಸಿದೆವು.

ಬೆಳಗಾದ ಮೇಲೆ ವಾರಂಟಿ ಕಾರ್ಡನ್ನು ಮೊದಲ ಸಲ ಪೂರ್ತಿ ಓದಿದೆವು. ಹತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ಮೇಷ್ಟರು, ತನ್ನ ಮನೆಯ ಕಾರ್ಡನ್ನು ಹದಿನಾಲ್ಕು ತಿಂಗಳು ಓದಿರಲಿಲ್ಲ! ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ "10 ವರ್ಷ" ಎಂದಿತ್ತು. ಕಾರ್ಡಿನೊಳಗೆ ಸಾಸಿವೆ ಕಾಳಿನಂಥ ಅಕ್ಷರದಲ್ಲಿ, ಆ ಹತ್ತು ವರ್ಷ ಕಂಪ್ರೆಸರ್ ಒಂದಕ್ಕೇ, ಗ್ಯಾಸು, ಕೂಲಿ, ಬೋರ್ಡು ಅದಕ್ಕೆ ಸೇರಿಲ್ಲ ಎಂದಿತ್ತು. ಎತ್ತಿನ ಒಂದು ಕಾಲಿಗೆ ಭರವಸೆ ಕೊಟ್ಟು ಎತ್ತು ಮಾರಿದ ಹಾಗೆ. ಅದೇ ಡಬ್ಬದ ಮೇಲೆ ಇನ್ನೊಂದು ಮಾತೂ ಇತ್ತು: ಸ್ಟೆಬಿಲೈಜರ್ ಇಲ್ಲದೆ ನಡೆಯುತ್ತದೆ ಎಂದು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವಾರಂಟಿ ಮುಗಿದ ದಿನವೇ ಗ್ರಾಹಕನ ಹಕ್ಕೂ ಮುಗಿಯಿತೆಂದು ನಾವೆಲ್ಲ ನಂಬಿದ್ದೇವೆ. ನಂಬುವಂತೆ ಮಾಡಿದ್ದಾರೆ. ವಾರಂಟಿಯೆಂಬುದು ಕಂಪನಿ ತಾನಾಗಿ ಬರೆದುಕೊಟ್ಟ ಮಾತು. ಕಾಯಿದೆಯೆಂಬುದು ಬೇರೆ. ನಮ್ಮ ದೇಶದಲ್ಲಿ 1930ರಿಂದ ಸರಕು ಮಾರಾಟ ಕಾಯಿದೆ ಉಂಟು. ಅದರ 16ನೆಯ ಕಲಮಿನ ಪ್ರಕಾರ, ಆ ಬಗೆಯ ಮಾಲನ್ನೇ ಮಾರುವವನಿಂದ ಹೆಸರು ಹೇಳಿ ಮಾಲು ಕೊಂಡರೆ, ಅದು ಮಾರಾಟಕ್ಕೆ ತಕ್ಕ ಗುಣದ್ದಾಗಿರಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಇದ್ದೇ ಇರುತ್ತದೆ. ಬರೆದುಕೊಟ್ಟ ವಾರಂಟಿ ಅದಕ್ಕೆ ವಿರುದ್ಧವಾಗಿದ್ದ ಹೊರತು ಆ ಷರತ್ತು ಅಳಿಯುವುದಿಲ್ಲ. ಒಪ್ಪಂದದಿಂದ ಅದನ್ನು ತೆಗೆದುಹಾಕಲು 62ನೆಯ ಕಲಮು ಎಡೆ ಕೊಡುತ್ತದೆ ಎಂಬುದನ್ನೂ ನಾವು ಮುಚ್ಚಿಡುವುದಿಲ್ಲ. ಆದ್ದರಿಂದಲೇ ಕಾರ್ಡನ್ನು ಓದಬೇಕು.

ಇನ್ನೊಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. 1986ರ ಕಾಯಿದೆಯ ಜಾಗದಲ್ಲಿ 2020ರ ಜುಲೈಯಿಂದ ಜಾರಿಗೆ ಬಂದದ್ದು. ಅದರಲ್ಲಿ ದೋಷವೆಂದರೆ ಏನು? ಕಾಯಿದೆಯ ಪ್ರಕಾರ, ಅಥವಾ ಹೇಳಿದ ಇಲ್ಲವೇ ಹೇಳದೆಯೇ ಅಡಗಿರುವ ಒಪ್ಪಂದದ ಪ್ರಕಾರ, ಅಥವಾ ಮಾರುವವನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿ ಕೊರತೆ. ಈ ವಿವರಣೆಯಲ್ಲಿ "ವಾರಂಟಿಯ ಒಳಗೆ" ಎಂಬ ಮಾತೇ ಇಲ್ಲ. ತಯಾರಿಕೆಯಲ್ಲೇ ಇದ್ದ ದೋಷ ಹದಿಮೂರನೆಯ ತಿಂಗಳಲ್ಲಿ ಹೊರಬಿದ್ದರೂ ಅದು ದೋಷವೇ. ರುಜುವಾತು ಮಾಡುವ ಹೊರೆ ಮಾತ್ರ ನಮ್ಮ ಮೇಲೆ ಬೀಳುತ್ತದೆ. ಕಷ್ಟವಿರುವುದು ಅಲ್ಲಿ.

ನಮ್ಮ ವಿಷಯದಲ್ಲಿ ಕಂಪನಿಯವರು ಫೋನಿನಲ್ಲಿ ಹೇಳಿದ್ದೇನು? ನಿಮ್ಮ ಊರಿನ ಕರೆಂಟು ಏರಿಳಿಯುತ್ತದೆ, ಬೋರ್ಡು ಸುಟ್ಟದ್ದು ಅದರಿಂದ. ಸರಿ, ಕರೆಂಟು ಏರಿಳಿಯುವುದು ನಿಜ, ನಮ್ಮ ಪತ್ರಿಕೆಯಲ್ಲೇ ಎಷ್ಟೋ ಸಲ ಬರೆದಿದ್ದೇವೆ. ಆದರೆ ಸ್ಟೆಬಿಲೈಜರ್ ಬೇಡವೆಂದು ಡಬ್ಬದ ಮೇಲೆ ಅಚ್ಚು ಹಾಕಿ ಮಾರಿದವರು ಯಾರು? ಮಾರುವಾಗ ಗುಣವೆಂದು ಹೇಳಿದ್ದನ್ನೇ ಕೆಟ್ಟಾಗ ನಮ್ಮ ತಪ್ಪೆಂದು ಹೇಳಲು ಬರುವುದಿಲ್ಲ. ಆ ಡಬ್ಬವನ್ನು ಅಟ್ಟದ ಮೇಲೆ ಇಟ್ಟಿದ್ದು ಪುಣ್ಯವಾಯಿತು; ತಾಯಿ ಅದರಲ್ಲಿ ಹಳೆ ರಗ್ಗು ತುಂಬಿದ್ದರು.

ಇನ್ನೂ ಒಂದು ಕಾಗದ ಸಿಕ್ಕಿತು. ಒಂಬತ್ತನೆಯ ತಿಂಗಳಲ್ಲಿ ಫ್ರಿಜ್ಜು ಎರಡು ದಿನ ತಂಪಾಗಿರಲಿಲ್ಲ. ಬಂದವನು ಸ್ವಿಚ್ಚು ಆರಿಸಿ, ಅರ್ಧ ಗಂಟೆ ಬಿಟ್ಟು ಹಾಕಿ, ಸರಿಯಾಯಿತೆಂದು ಚೀಟಿಗೆ ಸಹಿ ಮಾಡಿಸಿಕೊಂಡು ಹೋಗಿದ್ದ. ಆ ಜಾಬ್ ಷೀಟಿನ ನಮ್ಮ ಪ್ರತಿ ಪಡಿತರ ಚೀಟಿಯ ಚೀಲದಲ್ಲಿತ್ತು. ಅದೇ ರೋಗ ವಾರಂಟಿಯೊಳಗೇ ತಲೆ ಹಾಕಿತ್ತು, ಅವರು ನೋಡಿಯೂ ವಾಸಿ ಮಾಡಿರಲಿಲ್ಲ ಎಂಬುದಕ್ಕೆ ಸಾಕ್ಷಿ ಅದು. ಆ ತುಂಡು ಕಾಗದ ಇಲ್ಲದಿದ್ದರೆ ಇವತ್ತು ಈ ಭಾಷಣವೇ ಇರುತ್ತಿರಲಿಲ್ಲ. ಆದ್ದರಿಂದ ತಾಯಂದಿರೇ, ರಿಪೇರಿಯವನು ಬಂದಾಗ ಬರಿಯ ಬಾಯಿಮಾತಿಗೆ ಒಪ್ಪಬೇಡಿ. ಏನು ಕೆಟ್ಟಿದೆ, ಏನು ಮಾಡಿದ, ಯಾವ ತಾರೀಖು ಎಂದು ಬರೆಸಿಕೊಳ್ಳಿ. ವಾರಂಟಿ ಮುಗಿಯಲು ಒಂದು ತಿಂಗಳು ಇರುವಾಗ ಯಂತ್ರದಲ್ಲಿ ಸಣ್ಣ ಸದ್ದು ಬಂದರೂ ದೂರು ಬರೆಸಿ ನಂಬರು ಪಡೆಯಿರಿ.

ನಾವು ಕಂಪನಿಗೂ ಅಂಗಡಿಗೂ ಒಂದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಹದಿನೈದು ದಿನ ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರು ಬರೆಸಿದೆವು. ಆಗ ಕಂಪನಿಗೆ ನಾಲಿಗೆ ಬಂತು. ಬೋರ್ಡಿನ ಅರ್ಧ ಬೆಲೆ ಬಿಡುತ್ತೇವೆಂದರು. ತಾಯಿಗೆ ಸಾಕಾಗಿತ್ತು, ಒಪ್ಪಿಕೋ ಎಂದರು. ನಾವು ಒಪ್ಪಲಿಲ್ಲ, ಜಿಲ್ಲಾ ಆಯೋಗಕ್ಕೆ ಕೊಡಲು ಬರೆದ ದೂರಿನ ಪ್ರತಿಯನ್ನು ಅವರಿಗೇ ಕಳಿಸಿದೆವು. ನಲವತ್ತೊಂದನೆಯ ದಿನ ಹೊಸ ಬೋರ್ಡು ಬಂತು, ಕಾಸಿಲ್ಲದೆ. ಆ 450 ರೂಪಾಯಿ ಇಂದಿಗೂ ಬಂದಿಲ್ಲ. ನಲವತ್ತೊಂದು ದಿನ ಮಡಕೆಯ ಮರಳಿಗೆ ನೀರು ಹಾಕಿದ ತಾಯಿಯ ಕೂಲಿಯೂ ಬಂದಿಲ್ಲ.

ಕಂಪನಿ ಬಗ್ಗದಿದ್ದರೆ? ಅದಕ್ಕೇ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಕಂಪನಿ ಮುಂಬಯಿಯಲ್ಲಿರಲಿ, ದಿಲ್ಲಿಯಲ್ಲಿರಲಿ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. 1986ರ ಕಾಯಿದೆಯಲ್ಲಿ ಈ ಅನುಕೂಲ ಇರಲಿಲ್ಲ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಯಂತ್ರವನ್ನು ಪರೀಕ್ಷೆ ಮಾಡಿಸದೆ ದೋಷ ತಿಳಿಯದಿದ್ದರೆ ಪ್ರಯೋಗಶಾಲೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ; ಅದರ ಖರ್ಚನ್ನು ಮೊದಲು ನಮ್ಮಿಂದ ಕಟ್ಟಿಸಿಕೊಳ್ಳಬಹುದು. ದೋಷ ಸರಿಮಾಡು, ಬದಲಿ ಕೊಡು, ಹಣ ಹಿಂದಿರುಗಿಸು, ನಷ್ಟ ತುಂಬಿಕೊಡು ಎಂದು ಆಯೋಗ ಆಜ್ಞೆ ಮಾಡಬಹುದು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಕಾಯಿದೆ ಹೇಳುವುದಕ್ಕೂ ನಡೆಯುವುದಕ್ಕೂ ಇರುವ ದೂರ ನಿಮಗೆ ಗೊತ್ತೇ ಇದೆ.

ಆ ಕಾಯಿದೆಯಲ್ಲಿ "ಉತ್ಪನ್ನ ಹೊಣೆಗಾರಿಕೆ" ಎಂಬ ಹೊಸ ಅಧ್ಯಾಯವಿದೆ. ಅದರ ವಿಷಯದಲ್ಲಿ ಮೋಸಹೋಗಬೇಡಿ. ಫ್ರಿಜ್ಜು ಸಿಡಿದು ಮನೆಗೆ ಬೆಂಕಿ ಹತ್ತಿದರೆ, ಮನುಷ್ಯನಿಗೆ ಪೆಟ್ಟಾದರೆ ಅದು ಉಪಯೋಗಕ್ಕೆ ಬರುತ್ತದೆ. ಫ್ರಿಜ್ಜೇ ಕೆಟ್ಟ ನಷ್ಟ ಅದರಲ್ಲಿ ಸೇರುವುದಿಲ್ಲ. ನಮ್ಮ ದೂರು "ದೋಷ"ದ ಹೆಸರಿನಲ್ಲೇ ಹೋಗಬೇಕು.

ಅಂಗಡಿಯ ಅಣ್ಣಂದಿರು ಇಷ್ಟು ಹೊತ್ತು ಸುಮ್ಮನೆ ಕುಳಿತಿದ್ದೀರಿ. ನಿಮಗೆ ಎರಡು ಮಾತು. ಹಾಲಿನ ಅಂಗಡಿಯ ಡೀಪ್ ಫ್ರೀಜರು ಕೆಟ್ಟರೆ, ವ್ಯಾಪಾರಕ್ಕೆ ಕೊಂಡದ್ದು, ನೀನು ಗ್ರಾಹಕನಲ್ಲ ಎಂದು ಕಂಪನಿ ಹೇಳುತ್ತದೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕೆಂದೇ ಕೊಂಡು ಬಳಸುವವನು ಗ್ರಾಹಕನೇ ಎಂದು ಕಾಯಿದೆಯಲ್ಲೇ ಬರೆದಿದೆ. ನೆರವಿಗೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗದೆಂದು 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ದೂರಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಬರೆಯಿರಿ. ಎರಡನೆಯದು ಕಹಿ ಮಾತು: ಬಿಲ್ಲು ಕೊಡದಿರುವುದು ಈಗ ಅನುಚಿತ ವ್ಯಾಪಾರ ಪದ್ಧತಿ. "ಬಿಲ್ಲಿಲ್ಲದೆ ಕೊಂಡರೆ ನೂರು ರೂಪಾಯಿ ಕಡಿಮೆ" ಎಂದು ನೀವು ಹೇಳುವುದು, ನಾವು ಒಪ್ಪುವುದು, ಎರಡೂ ಕಂಪನಿಗೇ ಲಾಭ. ಗಿರಾಕಿ ಬಂದು ನಿಮ್ಮ ಮೇಲೆ ಕೂಗಾಡುವಾಗ ಕಂಪನಿಯವನು ಎದುರಿಗೆ ಇರುವುದಿಲ್ಲ. ಗಿರಾಕಿಯ ದೂರನ್ನು ಬರೆದು ಕಂಪನಿಗೆ ಕಳಿಸಿ ಪ್ರತಿಯನ್ನು ಇಟ್ಟುಕೊಂಡರೆ ನಿಮಗೂ ಅದೇ ಗುರಾಣಿ.

ಯಂತ್ರ ಬೇಗ ಕೆಡುವುದು ಯಾವಾಗಲೂ ದೈವೇಚ್ಛೆಯಲ್ಲ. 1924ರಲ್ಲಿ ಜಿನೀವಾದಲ್ಲಿ ಓಸ್ರಾಂ, ಫಿಲಿಪ್ಸ್ ಮೊದಲಾದ ಬಲ್ಬಿನ ಕಂಪನಿಗಳು ಫೀಬಸ್ ಎಂಬ ಕೂಟ ಕಟ್ಟಿದವು. ಆಗ 1,500, 2,000 ಗಂಟೆ ಉರಿಯುತ್ತಿದ್ದ ಬಲ್ಬನ್ನು 1,000 ಗಂಟೆಗೆ ಇಳಿಸಿದವು. ಹೆಚ್ಚು ಹೊತ್ತು ಉರಿಯುವ ಬಲ್ಬು ಮಾಡಿದ ಸದಸ್ಯ ಕಂಪನಿಗೆ ದಂಡ! ಕಡಿಮೆ ಗಂಟೆ ಉರಿದರೆ ಬೆಳಕು ಹೆಚ್ಚು ಎಂಬ ವಾದವೂ ಇತ್ತು, ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ದಂಡದ ಪಟ್ಟಿಗೆ ಮಾತ್ರ ಆ ವಾದ ಸಮಾಧಾನವಾಗದು. ಎರಡನೆಯ ಮಹಾಯುದ್ಧ ಬಂದು ಆ ಕೂಟ ಒಡೆಯಿತು. ನಮ್ಮ ಫ್ರಿಜ್ಜಿನ ಬೋರ್ಡಿಗೂ ಹಾಗೆ ಆಯುಸ್ಸು ಬರೆದಿದ್ದರೆಂದು ನಾವು ಆಪಾದಿಸುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ 27,000ದ ಯಂತ್ರದಲ್ಲಿ ಅಂಗೈಯಗಲದ ಒಂದು ಬೋರ್ಡು ಹೋದರೆ ನಮ್ಮ ಊರಿನ ರಿಪೇರಿಗಾರನಿಗೆ ಅದು ಸಿಗದಂತೆ, ಅದರ ನಕ್ಷೆಯೂ ಸಿಗದಂತೆ ಇಟ್ಟಿರುವುದು ಕಣ್ಣಿಗೆ ಕಾಣುವ ಸತ್ಯ. ದುರಸ್ತಿಯ ಹಕ್ಕಿನ ವಿಚಾರಕ್ಕೆ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಸಮಿತಿ ಮಾಡಿತು. ಅದೇ ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ತೆರೆದ ಮಾತ್ರಕ್ಕೆ ಬೋರ್ಡು ಬಸ್ ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಗೆ ಬರುವುದಿಲ್ಲ. ನಾವು ಕೇಳಬೇಕಾದದ್ದು ಅದು: ಬಿಡಿಭಾಗ, ನ್ಯಾಯವಾದ ಬೆಲೆ, ಇಷ್ಟು ವರ್ಷ ಸಿಗುತ್ತದೆಂಬ ಮಾತು ಬಿಲ್ಲಿನ ಮೇಲೆ.

ಒಬ್ಬೊಬ್ಬರೇ ಹೋಗಬೇಕಾಗಿಲ್ಲ. ಒಂದೇ ಮಾದರಿಯ ಯಂತ್ರ ಹತ್ತು ಮನೆಗಳಲ್ಲಿ ಒಂದೇ ರೀತಿ ಕೆಟ್ಟಿದ್ದರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ದೂರು ಕೊಡಬಹುದು. ನೋಂದಾಯಿತ ಗ್ರಾಹಕ ಸಂಘವೂ ಕೊಡಬಹುದು. ನಮ್ಮ ಬೀದಿಯಲ್ಲಿ ವಿಚಾರಿಸಿದಾಗ ನಮ್ಮದೇ ಮಾದರಿಯ ಫ್ರಿಜ್ಜಿಗೆ ಬೋರ್ಡು ಹಾಕಿಸಿದ ಮನೆ ಇನ್ನೂ ಮೂರು ಸಿಕ್ಕವು. ಮೂವರೂ ದುಡ್ಡು ಕೊಟ್ಟು ಸುಮ್ಮನಾಗಿದ್ದರು. ಒಬ್ಬರು ತಾಳಿಯ ಗುಂಡು ಅಡವಿಟ್ಟು ಕೊಟ್ಟಿದ್ದರು.

ಬಾಗಿಲ ಬಳಿ ಮೇಜು ಹಾಕಿದ್ದೇವೆ. ಬಿಲ್ಲು, ವಾರಂಟಿ ಕಾರ್ಡು, ಜಾಬ್ ಷೀಟು ತಂದವರು ಅಲ್ಲಿಗೆ ಬನ್ನಿ. ಎರಡನೆಯ ಪಾಳಿಗೆ ಹೋಗುವವರ ಕಾಗದ ಮೊದಲು ನೋಡುತ್ತೇವೆ. ಮಿಕ್ಕವರು ಸ್ವಲ್ಪ ತಾಳಿರಿ. ತಾರದವರು ಬರುವ ಭಾನುವಾರ ಹತ್ತು ಗಂಟೆಗೆ ಕಚೇರಿಗೆ ತನ್ನಿ, ಖಾಲಿ ಡಬ್ಬವಿದ್ದರೆ ಅದನ್ನೂ.