ಮೌನವಾದ ಕೀಲಿಗಳು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಭೆಯಲ್ಲಿ ನಿಂತು ಮಾತನಾಡುವ ಅಭ್ಯಾಸ ನಮಗಿಲ್ಲ. ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ಗಾಜಿನ ಕಿಂಡಿಯ ಹಿಂದೆ ಕುಳಿತು ಪಾಸ್‌ಬುಕ್ ನೋಡಿ ತಲೆಯಾಡಿಸುವುದೇ ನಮ್ಮ ವಾಗ್ವೈಭವ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ನಿಮ್ಮ ಆ ರೇಡಿಯೋ ಹುಚ್ಚಿನ ವಿಷಯವನ್ನೇ ಹೇಳಿ" ಎಂದರು. ಹುಚ್ಚೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯಲ್ಲಿಯೂ ಅದೇ ಅಭಿಪ್ರಾಯ.

ಸರ್ಕಾರದ ಪರೀಕ್ಷೆಗೆ ಕುಳಿತು, ಪರವಾನಗಿ ಪಡೆದು, ಮನೆಯಲ್ಲೇ ಒಂದು ಸೆಟ್ಟನ್ನಿಟ್ಟುಕೊಂಡು, ಕಾಣದ ಊರಿನ ಕಾಣದ ಜನರೊಡನೆ ಮಾತನಾಡುವವರಿಗೆ ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಎಂದು ಹೆಸರು. ಇದರಲ್ಲಿ ಹಣದ ಲಾಭವಿಲ್ಲ, ಇರಲೂ ಕೂಡದು. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತವುಂಟು. ನಮ್ಮ ದೇಶದ್ದು ಸಾಮಾನ್ಯವಾಗಿ ವಿ.ಯು. ಎಂದು ಮೊದಲಾಗುತ್ತದೆ. ಹ್ಯಾಮ್ ಒಬ್ಬರು ತೀರಿಕೊಂಡರೆ ಅವರನ್ನು ನಾವು 'ಸೈಲೆಂಟ್ ಕೀ' ಎನ್ನುತ್ತೇವೆ. ಮೌನವಾದ ಕೀಲಿ. ಬೀಗದ ಕೀಲಿಯಲ್ಲ, ತಂತಿ ಕಳುಹಿಸಲು ಬೆರಳಿನಿಂದ ಒತ್ತುತ್ತಿದ್ದ ಹಿತ್ತಾಳೆಯ ಕೀಲಿ. ತಂತಿ ಆಫೀಸಿನವರ ಮಾತು ಇದು. ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ತಂತಿಯೇ ನಿಂತುಹೋಯಿತು, ಮಾತು ಮಾತ್ರ ಉಳಿದಿದೆ.

ಹೀಗೆ ಮೌನವಾದವರ ಪಟ್ಟಿ ದೊಡ್ಡದು. 1921ರಲ್ಲಿ ಕಲಕತ್ತೆಯಲ್ಲಿ ಅಮರೇಂದ್ರಚಂದ್ರ ಗುಪ್ತರೂ ಮುಕುಲ್ ಬೋಸರೂ ಮೊದಲು ಈ ಕೆಲಸಕ್ಕೆ ಕೈಹಾಕಿದರು. 1939ರಲ್ಲಿ ಯುದ್ಧ ಬಂತು, ಸರ್ಕಾರ ಈ ಕೆಲಸಕ್ಕೆ ತಡೆಹಾಕಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಮೇ 15ರಂದು ಮಹೂವಿನ ಸೈನಿಕ ಸಿಗ್ನಲ್ಸ್ ಶಾಲೆಯಲ್ಲಿ ಒಂದು ಕ್ಲಬ್ಬು ಹುಟ್ಟಿತು. ಅದೇ ಮುಂದೆ ನಮ್ಮ ಈ ದೆಹಲಿಗೆ ಬಂದು, 1954ರಲ್ಲಿ ಭಾರತ ಹವ್ಯಾಸಿ ರೇಡಿಯೋ ಸೊಸೈಟಿ ಎನಿಸಿತು. ನಮ್ಮ ಹಾಗೆ ಅದೂ ವಲಸೆ ಬಂದದ್ದೇ.

ಮೈಸೂರಿನವರು ಇಲ್ಲಿದ್ದರೆ ಒಂದು ಮಾತು ಸೇರಿಸಲೇಬೇಕು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ಅದು ಹ್ಯಾಮ್ ಕೇಂದ್ರವಲ್ಲ, ಪ್ರಸಾರ ಕೇಂದ್ರ. ಆದರೆ ಹುಚ್ಚು ಒಂದೇ ಜಾತಿಯದು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು. ದೆಹಲಿಯ ಸಂಸದ್ ಮಾರ್ಗದ ಕಟ್ಟಡದ ಮೇಲೆ ಆ ಹೆಸರನ್ನು ಓದುವಾಗಲೆಲ್ಲ ನಮಗೆ ಮೈಸೂರಿನ ಒಂದು ಮನೆಯ ನೆನಪಾಗುತ್ತದೆ. ಜೊತೆಯಲ್ಲಿರುವ ಸಹೋದ್ಯೋಗಿಗಳಿಗೆ ಹೇಳಿದರೆ ನಂಬುವುದಿಲ್ಲ.

ರಾಜೀವ್ ಗಾಂಧಿಯವರು ಹ್ಯಾಮ್ ಆಗಿದ್ದರೆಂಬುದು ಕೆಲವರಿಗೆ ಗೊತ್ತು. ಅವರ ಸಂಕೇತ ವಿ.ಯು.2 ಆರ್.ಜಿ., 1991ರ ಮೇ 21ರಂದು ಮೌನವಾಯಿತು. ಇಲ್ಲಿಂದ ಮೂರು ತಾಸಿನ ದಾರಿ ಕರ್ನಾಲ್. ಅಲ್ಲಿಯ ಹುಡುಗಿ ಕಲ್ಪನಾ ಚಾವ್ಲಾ ಅವರ ಸಂಕೇತ ಕೆ.ಡಿ.5 ಇ.ಎಸ್.ಐ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯೊಡನೆ ಮಡಿದ ಏಳು ಮಂದಿಯಲ್ಲಿ ಮೂವರು ಹ್ಯಾಮ್‌ಗಳು: ಕಲ್ಪನಾ, ಲಾರೆಲ್ ಕ್ಲಾರ್ಕ್, ಡೇವಿಡ್ ಬ್ರೌನ್. ತರುಣ ವಿಜ್ಞಾನಿಯರಿಗೆಂದು ಕಲ್ಪನಾ ಹೆಸರಿನಲ್ಲಿ ನಮ್ಮ ಕರ್ನಾಟಕ ಸರ್ಕಾರ 2004ರಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತಷ್ಟೆ.

ಇವರೆಲ್ಲ ದೊಡ್ಡವರು, ನೆನೆಯುವವರಿದ್ದಾರೆ. ನಾವು ಹೇಳಬೇಕೆಂದು ಬಂದದ್ದು ಇನ್ನೊಬ್ಬರ ವಿಷಯ. ಹೆಸರು ಹೇಳುವುದಿಲ್ಲ, ಅವರ ಮನೆಯವರಿಗೆ ಅದು ಇಷ್ಟವಿಲ್ಲ. ತಮ್ಮಲ್ಲಿ ಹಲವರು ಅವರನ್ನು ಬಲ್ಲಿರಿ. ಹಾಸನದ ಕಡೆಯವರು, ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ಜನಕಪುರಿಯಲ್ಲಿದ್ದರು. ರಾಜ್ಯೋತ್ಸವದ ದಿನ ಮೈಕು ಕೆಟ್ಟರೆ ವೇದಿಕೆಯ ಕೆಳಗೆ ತೂರಿಕೊಂಡು ಸರಿಮಾಡುತ್ತಿದ್ದವರು ಅವರೇ.

ನಮಗೆ ಮೋರ್ಸ್ ಕಲಿಸಿದವರು ಅವರು. ಚುಕ್ಕೆ, ಗೆರೆ ಎಂದು ಬಾಯಿಪಾಠ ಮಾಡಹೊರಟರೆ ಗದರುತ್ತಿದ್ದರು. "ಕಣ್ಣಿಗಲ್ಲಯ್ಯ, ಕಿವಿಗೆ. ಮೃದಂಗ ಕೇಳಿದ್ದೀಯೋ ಇಲ್ಲವೋ?" ಚುಕ್ಕೆಗೆ 'ತ', ಗೆರೆಗೆ 'ಧೀಂ'. ಶುಭಾಶಯಕ್ಕೆ ಹ್ಯಾಮ್‌ಗಳು ಎಪ್ಪತ್ತಮೂರು ಎಂದು ಕಳುಹಿಸುತ್ತಾರೆ: ಧೀಂ ಧೀಂ ತ ತ ತ, ತ ತ ತ ಧೀಂ ಧೀಂ. ಹಿಂದಿನಿಂದ ನುಡಿಸಿದರೂ ಅದೇ ಬರುತ್ತದೆಂದು ತೋರಿಸಿ ಮಗುವಿನ ಹಾಗೆ ನಗುತ್ತಿದ್ದರು. ಭಾನುವಾರದ ಬೆಳಗ್ಗೆ ಹದಿನಾಲ್ಕು ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರು, ಮಂಗಳೂರಿನ ಗೆಳೆಯರನ್ನು ಕರೆದು ಕನ್ನಡದಲ್ಲಿ ಮಾತು. ಮಾತೆಂದರೆ ಏನು? ಅಲ್ಲಿ ಮಳೆ ಬಂತೇ, ಇಲ್ಲಿ ಚಳಿ ಎಷ್ಟು. ಅಷ್ಟಕ್ಕೇ ಅವರ ಮುಖ ಅರಳುತ್ತಿತ್ತು.

ಇಸ್ರೋದವರು 2005ರ ಮೇ 5ರಂದು ಹ್ಯಾಮ್‌ಗಳಿಗೆಂದೇ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಹಾರಿಸಿದರು. ನಲವತ್ತೆರಡೂವರೆ ಕಿಲೋ ತೂಕ. ಅದು ನೆತ್ತಿಯ ಮೇಲೆ ಹಾಯುವುದು ಹತ್ತು ಹದಿನೈದು ನಿಮಿಷ. ಆ ಹೊತ್ತಿಗೆ ಹಿರಿಯರು ಕೈಯಲ್ಲಿ ಆಂಟೆನಾ ಹಿಡಿದು ತಾರಸಿಯ ಮೇಲೆ ಸಿದ್ಧ. 2014ರ ಜುಲೈಯಲ್ಲಿ ಅದರ ಬ್ಯಾಟರಿ ಸತ್ತುಹೋಯಿತು. "ಅವನೂ ಮೌನವಾದ" ಎಂದು ಹೇಳಿ ಆ ದಿನ ನಮಗೆ ಕಾಫಿಯನ್ನೂ ಕೊಡಲಿಲ್ಲ.

2021ರ ಏಪ್ರಿಲ್ ತಿಂಗಳನ್ನು ದೆಹಲಿಯವರಾದ ತಮಗೆ ವರ್ಣಿಸಬೇಕಾದದ್ದಿಲ್ಲ. ಹಿರಿಯರಿಗೆ ಸೋಂಕು ತಗುಲಿ ಒಳಕೋಣೆಯಲ್ಲಿ ಒಬ್ಬರೇ ಮಲಗಿದರು. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು ಮಾತ್ರ ಜೊತೆಗೆ. ದ್ವಾರಕೆಯಲ್ಲಿರುವ ನಮ್ಮ ಮನೆಗೆ ಅದು ಚೆನ್ನಾಗಿ ಮುಟ್ಟುತ್ತದೆ. ರಾತ್ರಿ ಒಂಬತ್ತಕ್ಕೆ ಕರೆಯುವುದೆಂದು ಗೊತ್ತುಮಾಡಿಕೊಂಡೆವು. ಮೊದಲೆರಡು ದಿನ ಮಾತನಾಡಿದರು. ಆಮೇಲೆ ಉಸಿರು ಸಾಲದು. ನಾವು ಕರೆದರೆ ಗುಂಡಿಯನ್ನು ಎರಡು ಸಲ ಒತ್ತುವರು. ಟಕ್, ಟಕ್. ಚೆನ್ನಾಗಿದ್ದೇನೆ ಎಂದು ಅದರ ಅರ್ಥ.

ಐದನೆಯ ರಾತ್ರಿ ಒಂಬತ್ತಕ್ಕೆ ನಾವು ಸೆಟ್ಟಿನ ಮುಂದಿರಲಿಲ್ಲ. ಬ್ಯಾಂಕಿನಲ್ಲಿ ಅರ್ಧ ಸಿಬ್ಬಂದಿ, ಪೂರ್ತಿ ಕೆಲಸ. ಮನೆಗೆ ಬಂದು, ಸ್ನಾನ ಮಾಡಿ, ಒಂದು ಗಳಿಗೆ ಎಂದು ಒರಗಿದವರು ಎದ್ದದ್ದು ಬೆಳಗ್ಗೆಯೇ. ಅಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು. ಮೂರನೆಯ ದಿನ ಹೋದರು. ಸ್ಮಶಾನಕ್ಕೆ ನಮ್ಮನ್ನು ಬಿಡಲಿಲ್ಲ. ಆ ಭಾನುವಾರ ಹದಿನಾಲ್ಕು ಮೆಗಾಹರ್ಟ್ಸ್‌ನಲ್ಲಿ ಅವರ ಸಂಕೇತವನ್ನು ಮೂರು ಸಲ ಕರೆದು, ಕಾದು, ಕೊನೆಯ ಗುರುತು ಕಳುಹಿಸಿದೆವು. ಮಾತು ಮುಗಿಯಿತೆಂಬ ಗುರುತು: ತ ತ ತ ಧೀಂ ತ ಧೀಂ. ಬೆಂಗಳೂರಿನಿಂದ ಒಬ್ಬರು ಅದನ್ನೇ ಮರಳಿ ಕಳುಹಿಸಿದರು. ಆಮೇಲೆ ಬಹಳ ಹೊತ್ತು ಯಾರೂ ಗುಂಡಿ ಒತ್ತಲಿಲ್ಲ.

ಠೇವಣಿದಾರರು ತೀರಿಕೊಂಡರೆ ಏನು ಮಾಡಬೇಕೆಂದು ನಮಗೆ ಗೊತ್ತು. ಮರಣಪತ್ರ, ನಾಮಿನಿಯ ಅರ್ಜಿ, ಎರಡು ಸಹಿ, ಖಾತೆ ಮುಗಿಯಿತು. ಕರೆಸಂಕೇತಕ್ಕೆ ನಾಮಿನಿಯಿಲ್ಲ. ಕೆಲವು ತಿಂಗಳ ಮೇಲೆ ಅವರ ಮನೆಯಾಕೆ ನಮ್ಮನ್ನು ಕರೆದು ನಾಲ್ಕು ಚಪ್ಪಲಿ ಡಬ್ಬಿಗಳನ್ನು ಮುಂದಿಟ್ಟರು. ತುಂಬ ಕಾರ್ಡುಗಳು. ಒಮ್ಮೆ ಮಾತನಾಡಿದವರು ಪರಸ್ಪರ ಕಾರ್ಡು ಕಳುಹಿಸುವುದು ನಮ್ಮಲ್ಲಿ ಪದ್ಧತಿ. "ಇವರಿಗೆಲ್ಲ ಯಾರು ತಿಳಿಸುತ್ತಾರೆ?" ಎಂದರು ಆಕೆ. ಅವರ ದಿನಚರಿಯ ಪುಸ್ತಕವೂ ಅಲ್ಲಿತ್ತು. ಹ್ಯಾಮ್ ಆದವರು ಪ್ರತಿ ಕರೆಯನ್ನೂ ಬರೆದಿಡುತ್ತಾರೆ. ಕಡೆಯ ಸಾಲು ಆ ಐದನೆಯ ರಾತ್ರಿಯದು. ತಾರೀಖು, ಒಂಬತ್ತು ಗಂಟೆ, ನಮ್ಮ ಸಂಕೇತ, ಎದುರಿಗೆ ನಡುಗುವ ಅಕ್ಷರದಲ್ಲಿ, "ಉತ್ತರವಿಲ್ಲ. ಮಲಗಿರಬೇಕು, ಬ್ಯಾಂಕಿನ ಕೆಲಸ."

ಅದನ್ನು ನಾವು ಈವರೆಗೆ ಯಾರಿಗೂ ಹೇಳಿರಲಿಲ್ಲ.

ವಿಳಾಸ ಸಿಕ್ಕ ನಲವತ್ತು ಮಂದಿಗೆ ಕಾಗದ ಬರೆದೆವು. ಹನ್ನೆರಡು ಉತ್ತರ ಬಂದುವು. ಜಪಾನಿನಿಂದ ಬಂದದ್ದನ್ನು ಬರೆದವರು ಹ್ಯಾಮ್ ಅಲ್ಲ, ಅವರ ಮಗಳು. ತಂದೆ ಎರಡು ವರ್ಷ ಹಿಂದೆಯೇ ಹೋದರಂತೆ. ದೆಹಲಿಯಿಂದ ಬಂದ ಕಾರ್ಡು ಅವರ ಮೇಜಿನ ಮೇಲೆ ಈಗಲೂ ಇದೆಯಂತೆ. ಹಿರಿಯರ ಮನೆಯಾಕೆ ಕನ್ನಡಕ ಹಾಕಿಕೊಂಡು ಆ ಕಾಗದವನ್ನು ತಿರುವಿ ತಿರುವಿ ನೋಡಿದರು. "ನಾನು ಹೇಳುತ್ತೇನೆ, ಕನ್ನಡದಲ್ಲೇ ಬರೆಯಿರಿ. ಬೇಕಾದರೆ ಕೆಳಗೆ ಇಂಗ್ಲಿಷು ಹಾಕಿ" ಎಂದರು. ಹಾಗೆಯೇ ಬರೆದು ಹಾಕಿದೆವು. ಈಗ ವರ್ಷಕ್ಕೆ ಎರಡು ಕಾಗದ ಹೋಗುತ್ತವೆ, ಎರಡು ಬರುತ್ತವೆ.

ಆಕೆಯ ಅನುಮತಿಯಿಂದ ಆ ನಾಲ್ಕು ಡಬ್ಬಿಗಳನ್ನೂ ಇಂದು ತಂದಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲಿವೆ. ಉಪಾಹಾರದ ಮೇಲೆ ತಾವೆಲ್ಲ ನೋಡಬೇಕು, ಮಕ್ಕಳಿಗೂ ತೋರಿಸಬೇಕು. ಬೋಂಡ ತಿಂದ ಕೈಯನ್ನು ಮಾತ್ರ ದಯವಿಟ್ಟು ತೊಳೆದುಕೊಂಡು ಮುಟ್ಟಿ.