ಕೈ ಬದಲಾಗುವ ಜಾಗ



ಘಟಿಕೋತ್ಸವಕ್ಕೆ ಬಂದವರು ದೇಶ, ಭವಿಷ್ಯ, ಕನಸು ಇವುಗಳ ಬಗ್ಗೆ ಮಾತಾಡುವುದು ರೂಢಿ. ನನ್ನ ಕಸುಬು ಬಾಟಲಿ ತುಂಬುವ ಕಾರ್ಖಾನೆಗಳ ಸಾಗಣೆ ಸಾಲುಗಳದ್ದು. ಅದರಲ್ಲೂ ಒಂದು ಯಂತ್ರ ಬಿಟ್ಟ ಬಾಟಲಿಯನ್ನು ಇನ್ನೊಂದು ಯಂತ್ರ ಹಿಡಿದುಕೊಳ್ಳುವ ಒಂದು ಗೇಣು ಜಾಗದ್ದು. ನನಗೆ ಗೊತ್ತಿರುವುದು ಅದೊಂದೇ ಆದ್ದರಿಂದ ಅದನ್ನೇ ಹೇಳುತ್ತೇನೆ. ಕೊನೆಗೆ "ಕಾಲೇಜು ಒಂದು ಯಂತ್ರ, ಸಮಾಜ ಇನ್ನೊಂದು, ನೀವೆಲ್ಲ ಬಾಟಲಿಗಳು" ಎಂದುಬಿಡುತ್ತಾರೇನೋ ಎಂದು ಹೆದರಬೇಡಿ. ಬಾಟಲಿ ಬಾಟಲಿಯೇ, ನೀವು ನೀವೇ.

ಲೆಕ್ಕಕ್ಕೆ ಒಂದು ಸಾಲನ್ನು ಇಟ್ಟುಕೊಳ್ಳೋಣ. ಗಂಟೆಗೆ 36,000 ಬಾಟಲಿ. ಇದೇನೂ ದಾಖಲೆಯ ವೇಗವಲ್ಲ. ಇದರ ಎರಡರಷ್ಟು ಓಡುವ ಸಾಲುಗಳಿವೆ. ಸೆಕೆಂಡಿಗೆ 10 ಬಾಟಲಿ ಆಯಿತು. ಬಾಟಲಿಯ ವ್ಯಾಸ 65 ಮಿ.ಮೀ. ಕನ್ವೇಯರಿನ ಮೇಲೆ ಅವು ಮೈಗೆ ಮೈ ತಾಗಿಸಿಕೊಂಡು ಬರುತ್ತವೆ, ಹಾಗಾಗಿ ವೇಗ ಸೆಕೆಂಡಿಗೆ 65 ಸೆಂ.ಮೀ. ಮುಂದಿರುವುದು ಬಾಟಲಿ ತುಂಬುವ ಯಂತ್ರ, ಫಿಲ್ಲರ್. ಅಲ್ಲಿ ಪ್ರತಿ ಬಾಟಲಿಯ ತಲೆಯ ಮೇಲೂ ಒಂದು ವಾಲ್ವ್ ಕೂರಬೇಕು, ವಾಲ್ವಿಗೆ ಜಾಗ ಬೇಕು. ಆದ್ದರಿಂದ ಬಾಟಲಿಯಿಂದ ಬಾಟಲಿಗೆ 110 ಮಿ.ಮೀ. ಅಂತರ. ಇಲ್ಲೂ ಸೆಕೆಂಡಿಗೆ 10 ಬಾಟಲಿಯೇ ಹೋಗಬೇಕು ಅಂದಮೇಲೆ ವೇಗ 1.1 ಮೀಟರ್ ಆಗಲೇಬೇಕು. ಈ ವೇಗವನ್ನು ಯಾರೂ ಆರಿಸಿಕೊಂಡದ್ದಲ್ಲ. ಅಂತರ ಬದಲಾಯಿತು, ವೇಗವೂ ಬದಲಾಯಿತು. ಪ್ರತಿಯೊಂದು ಬಾಟಲಿಯೂ 0.65ರಿಂದ 1.1ಕ್ಕೆ ಏರಬೇಕು, ಬೀಳದೆ.

ಬೀಳುವುದು ಯಾವಾಗ? ಇದು ನೀವು ಮೊದಲ ವರ್ಷದಲ್ಲೇ ಮಾಡಿದ ಲೆಕ್ಕ. ತಳದ ಅರ್ಧ ಅಗಲ 30 ಮಿ.ಮೀ., ಗುರುತ್ವ ಕೇಂದ್ರದ ಎತ್ತರ 110 ಮಿ.ಮೀ. ಎನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 9.8ರಿಂದ ಗುಣಿಸಿದರೆ ಸುಮಾರು 2.7 ಬರುತ್ತದೆ. ವೇಗೋತ್ಕರ್ಷ ಅದನ್ನು ಮೀರಿದರೆ ತಳ ಮುಂದೆ ಹೋಗಿ ತಲೆ ಹಿಂದೆ ಉಳಿಯುತ್ತದೆ. 0.45ರಷ್ಟು ವೇಗವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೊಟ್ಟರೆ 4.5 ಆಗುತ್ತದೆ, ಬಾಟಲಿ ಬಿತ್ತು. ಅರ್ಧ ಸೆಕೆಂಡಿನಲ್ಲಿ ಕೊಟ್ಟರೆ 0.9, ನಿಂತಿತು. ಆ ಅರ್ಧ ಸೆಕೆಂಡನ್ನು ಎಲ್ಲಿಂದ ತರುವುದು? ಅದಕ್ಕೇ ವರ್ಮ್ ಇರುವುದು: ಸಾಲಿನ ಪಕ್ಕದಲ್ಲಿ ಮಲಗಿ ತಿರುಗುವ ಪ್ಲಾಸ್ಟಿಕ್ಕಿನ ಉದ್ದನೆಯ ತಿರುಪು. ಒಂದು ಸುತ್ತಿಗೆ ಒಂದು ಬಾಟಲಿ ಮುಂದೆ ಹೋಗುತ್ತದೆ, ಅಂದರೆ ನಿಮಿಷಕ್ಕೆ 600 ಸುತ್ತು. ಒಳಬರುವ ಕಡೆ ಅದರ ತೋಡಿನ ಅಂತರ 65, ಹೊರಹೋಗುವ ಕಡೆ 110, ನಡುವೆ ಮೆಲ್ಲಗೆ ಅಗಲವಾಗುತ್ತ ಹೋಗುತ್ತದೆ. ಐದು ಸುತ್ತಿನ ತಿರುಪಾದರೆ ಅರ್ಧ ಸೆಕೆಂಡು ಸಿಕ್ಕಿತು. ಐದೇ ಸಾಲಿನ ಲೆಕ್ಕ. ಆದರೆ ಕಾರ್ಖಾನೆಯಲ್ಲಿ ಜಾಗ ಉಳಿಸಲೆಂದು ವರ್ಮನ್ನು ಮೂರು ಸುತ್ತಿಗೆ ಮೊಟಕುಗೊಳಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಷ್ಟು ನಿಮಗೆ ಹೊಸದಲ್ಲ. ಓಡುವ ಬಸ್ಸಿನಿಂದ ಇಳಿಯುವವನು ಬಸ್ಸು ಹೋಗುವ ದಿಕ್ಕಿನಲ್ಲೇ ನಾಲ್ಕು ಹೆಜ್ಜೆ ಓಡುತ್ತಾನೆ, ಅವನಿಗೆ ಯಾರೂ ಭೌತಶಾಸ್ತ್ರ ಕಲಿಸಿರುವುದಿಲ್ಲ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಇದನ್ನೇ ಸಾರ್ವಜನಿಕ ಸಾರಿಗೆಯಾಗಿ ಮಾಡಿದ್ದರು. ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಚಲಿಸುವ ಕಾಲುದಾರಿ. ಅಕ್ಕಪಕ್ಕದಲ್ಲಿ ಎರಡು ಹಲಗೆ, ಒಂದು ಗಂಟೆಗೆ ಹೆಚ್ಚುಕಡಿಮೆ 4 ಕಿ.ಮೀ., ಇನ್ನೊಂದು 8. ನಿಂತ ನೆಲದಿಂದ ನಿಧಾನದ್ದಕ್ಕೆ, ಅಲ್ಲಿಂದ ಜೋರಿನದಕ್ಕೆ. ಪ್ರತಿ ದಾಟುವಿಕೆಯಲ್ಲೂ ವ್ಯತ್ಯಾಸ ನಡಿಗೆಯ ವೇಗದಷ್ಟೇ, ಹಿಡಿದುಕೊಳ್ಳಲು ಕಂಬಗಳೂ ಇದ್ದವು. ನೂರು ವರ್ಷಗಳ ನಂತರ, 2002ರಲ್ಲಿ, ಅದೇ ಊರಿನ ಮೋಂಪಾರ್ನಾಸ್ ಮೆಟ್ರೊ ನಿಲ್ದಾಣದಲ್ಲಿ ಇನ್ನೂ ವೇಗದ ಕಾಲುದಾರಿ ಹಾಕಿದರು. ನಡುವೆ ಹಲಗೆ ಬದಲಿಸುವ ಗೊಡವೆ ಇಲ್ಲ. ಶುರುವಿನ ಉರುಳೆಗಳೇ ಕಾಲನ್ನು ಹಂತಹಂತವಾಗಿ ವೇಗಕ್ಕೆ ಏರಿಸುತ್ತಿದ್ದವು. ಜನ ಆಯ ತಪ್ಪಿ ಬೀಳತೊಡಗಿದರು. ವೇಗವನ್ನು ಗಂಟೆಗೆ 9 ಕಿ.ಮೀ.ಗೆ ಇಳಿಸಿದರು, 2011ರಲ್ಲಿ ಅದನ್ನು ತೆಗೆದೇ ಹಾಕಿದರು. ಗಂಟೆಗೆ 9 ಕಿ.ಮೀ. ಒಂದು ವೇಗವೇ ಅಲ್ಲ, ಸೈಕಲ್ಲು ಅದಕ್ಕಿಂತ ಜೋರಾಗಿ ಹೋಗುತ್ತದೆ. ಅವರನ್ನು ಬೀಳಿಸಿದ್ದು ವೇಗಕ್ಕೆ ಏರುವ ಕೆಲವೇ ಮೀಟರ್‌ಗಳು.

ಮತ್ತೆ ಕಾರ್ಖಾನೆಗೆ ಬರೋಣ. ವರ್ಮ್ ಬಿಟ್ಟ ಬಾಟಲಿಯನ್ನು ಸ್ಟಾರ್ ವೀಲ್ ಹಿಡಿಯುತ್ತದೆ. ಹಲ್ಲಿನ ನಡುವೆ ಒಂದೊಂದು ಬಾಟಲಿ ಕೂರುವ ಚಕ್ರ ಅದು. 20 ಗುಂಡಿಗಳಿದ್ದರೆ, 110 ಮಿ.ಮೀ. ಅಂತರಕ್ಕೆ ತ್ರಿಜ್ಯ ಸುಮಾರು 35 ಸೆಂ.ಮೀ. ಇಲ್ಲಿ ಹೊಸ ತಾಪತ್ರಯ. ವರ್ಮಿನ ತುದಿಯಲ್ಲಿ ಬಾಟಲಿಯ ವೇಗ 1.1, ಚಕ್ರದ ಅಂಚಿನದೂ 1.1, ದಿಕ್ಕೂ ಒಂದೇ. ಎಲ್ಲ ಹೊಂದಿತು ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ನೇರ ದಾರಿಯಲ್ಲಿ ಸೊನ್ನೆ ಇದ್ದ ಪಕ್ಕದ ವೇಗೋತ್ಕರ್ಷ ವೃತ್ತಕ್ಕೆ ಕಾಲಿಟ್ಟ ಕ್ಷಣದಲ್ಲೇ 3.5ಕ್ಕೆ ಜಿಗಿಯುತ್ತದೆ. ಬೀಳುವ ಮಿತಿ 2.7 ಎಂದು ಆಗ ಲೆಕ್ಕ ಹಾಕಿದ್ದೆವಲ್ಲ? ಹೊರಗಡೆ ಗೈಡ್ ರೈಲು ಇಲ್ಲದಿದ್ದರೆ ಬಾಟಲಿ ಅಂಗಾತ. ಒಂದು ಸ್ಟಾರ್ ವೀಲಿನಿಂದ ಎದುರು ತಿರುಗುವ ಇನ್ನೊಂದಕ್ಕೆ ದಾಟುವ ಬಿಂದುವಂತೂ ಇನ್ನೂ ಕೆಟ್ಟದ್ದು. ಎರಡು ವೃತ್ತ ತಾಗುವ ಆ ಒಂದು ಚುಕ್ಕೆಯಲ್ಲಿ ಬಲಕ್ಕೆ 3.5 ಇದ್ದದ್ದು ಎಡಕ್ಕೆ 3.5 ಆಗುತ್ತದೆ. ಬಾಯಿ ತೆರೆದ, ತುಂಬಿದ ಬಾಟಲಿಯಾದರೆ ಒಳಗಿನ ದ್ರವ ಈ ಬದಲಾವಣೆಯನ್ನು ಒಪ್ಪುವುದಿಲ್ಲ, ತುಳುಕುತ್ತದೆ. ಫಿಲ್ಲರನ್ನೂ ಮುಚ್ಚಳ ಹಾಕುವ ಯಂತ್ರವನ್ನೂ ಒಂದೇ ಚೌಕಟ್ಟಿನ ಮೇಲೆ ಒತ್ತೊತ್ತಾಗಿ ಕೂರಿಸುವುದು ಈ ಕಾರಣಕ್ಕೂ ಹೌದು.

ರೈಲಿನವರಿಗೆ ಈ ವಿಷಯ ಬಹಳ ಹಿಂದೆಯೇ ತಿಳಿದಿತ್ತು. ನೇರ ಹಳಿಯನ್ನು ಸೀದಾ ವೃತ್ತಕ್ಕೆ ಜೋಡಿಸುವುದಿಲ್ಲ. ನಡುವೆ ಬಾಗು ಮೆಲ್ಲಗೆ ಹೆಚ್ಚುವ ಒಂದು ತುಂಡು ಹಾಕುತ್ತಾರೆ. ಭಾರತೀಯ ರೈಲ್ವೆಯಲ್ಲಿ ಅದಕ್ಕೆ ಕ್ಯೂಬಿಕ್ ಪ್ಯಾರಾಬೊಲ ಬಳಕೆಯಲ್ಲಿದೆ. ಸ್ಟಾರ್ ವೀಲಿನವರು ಅದನ್ನು ಮಾಡಲಾರರು, ಏಕೆಂದರೆ ಚಕ್ರ ಗುಂಡಗೇ ಇರಬೇಕು. ಆದ್ದರಿಂದ ಅವರು ಹಿಡಿತವನ್ನು ಬದಲಿಸಿದರು. ಪೆಟ್ ಬಾಟಲಿಯ ಕತ್ತಿನ ಕೆಳಗೆ ಒಂದು ಉಂಗುರ ಇರುವುದನ್ನು ನೀವು ಗಮನಿಸಿರುತ್ತೀರಿ. ಒಂದು ಚಕ್ರದ ಚಿಮಟ ಉಂಗುರದ ಮೇಲೆ ಹಿಡಿದರೆ, ಮುಂದಿನ ಚಕ್ರದ್ದು ಉಂಗುರದ ಕೆಳಗೆ ಹಿಡಿಯುತ್ತದೆ. ಎರಡನೆಯದು ಹಿಡಿದ ಮೇಲೆಯೇ ಮೊದಲನೆಯದು ಬಿಡುವುದು. ಕೆಲವು ಡಿಗ್ರಿಗಳಷ್ಟು ಹೊತ್ತು ಬಾಟಲಿ ಇಬ್ಬರ ಕೈಯಲ್ಲೂ ಇರುತ್ತದೆ. ಕುತ್ತಿಗೆಯಿಂದ ತೂಗುವ ಬಾಟಲಿಗೆ ತಳವೇ ಬೇಕಿಲ್ಲ, ಬೀಳುವ ಲೆಕ್ಕವೂ ಬೇಕಿಲ್ಲ. ನನ್ನ ಮಟ್ಟಿಗೆ ಈ ಉದ್ಯಮದ ಅತ್ಯಂತ ಜಾಣ ಕೆಲಸ ಇದೇ. ಸಾಫ್ಟ್‌ವೇರ್ ಯಾವುದೂ ಅದರ ಹತ್ತಿರ ಬರುವುದಿಲ್ಲ.

ಈಗ ಹೊಸ ಕಾಲದ ಗಾಡಿಗಳು. ಮೋಟಾರಿನ ಸುರುಳಿಗಳನ್ನು ಹಳಿಯಲ್ಲಿ ಉದ್ದಕ್ಕೂ ಹಾಸಿ, ಅಯಸ್ಕಾಂತ ಹೊತ್ತ ಪುಟ್ಟ ಗಾಡಿಗಳನ್ನು ಅದರ ಮೇಲೆ ಓಡಿಸುವುದು. ಗಾಡಿಗೆ ತಂತಿಯಿಲ್ಲ, ಸರಪಳಿಯಿಲ್ಲ. ಶಾಂಘೈನಲ್ಲಿ 2004ರಿಂದ ಪ್ರಯಾಣಿಕರನ್ನು ಒಯ್ಯುತ್ತಿರುವ ಮ್ಯಾಗ್ಲೆವ್ ರೈಲಿನ ತತ್ವವೂ ಇದೇ. ಕಾರ್ಖಾನೆಗೆ ಬಂದಾಗ ಇದರ ಲಾಭ ಏನೆಂದರೆ, ಪ್ರತಿ ಗಾಡಿಗೂ ಬೇರೆಬೇರೆ ವೇಗ ಕೊಡಬಹುದು. ಇಲ್ಲಿ 65, ಅಲ್ಲಿ 110, ಮುಂದೆ 150 ಎಂದು ಅಂತರ ಬದಲಿಸಲು ವರ್ಮೂ ಬೇಡ, ಚಕ್ರವೂ ಬೇಡ. ಬಾಗುಗಳನ್ನು ರೈಲಿನವರಂತೆ ಮೆಲ್ಲಗೆ ಹೆಚ್ಚುವ ವಕ್ರವಾಗಿಯೇ ಮಾಡಬಹುದು.

ಹಾಗಾದರೆ ಕೈ ಬದಲಾಗುವ ಜಾಗ ಮಾಯವಾಯಿತೇ? ಇಲ್ಲ, ಕಣ್ಣಿಗೆ ಕಾಣದ ಕಡೆ ಹೋಗಿ ಕೂತಿತು. ಹಳಿಯನ್ನು ತುಂಡು ತುಂಡಾಗಿ ಮಾಡುತ್ತಾರೆ, ಒಂದೊಂದು ತುಂಡಿನ ಸುರುಳಿಗಳಿಗೂ ಬೇರೆ ನಿಯಂತ್ರಕ. ಗಾಡಿ ಎರಡು ತುಂಡುಗಳ ಜೋಡಣೆ ದಾಟುವಾಗ ಅದರ ಅಯಸ್ಕಾಂತ ಅರ್ಧ ಇಲ್ಲಿ, ಅರ್ಧ ಅಲ್ಲಿ. ಎರಡೂ ಕಡೆಯವರು ತಮ್ಮ ಪಾಲಿನಷ್ಟೇ ತಳ್ಳಬೇಕು, ಒಬ್ಬರ ಪಾಲು ಇಳಿದಷ್ಟೂ ಇನ್ನೊಬ್ಬರದು ಏರಬೇಕು. ಇಂಟಿಗ್ರಲ್ ಬಗ್ಗೆ ನಿಮಗೆ ಕಂಟ್ರೋಲ್ ಸಿಸ್ಟಮ್ಸ್ ತರಗತಿಯಲ್ಲಿ ಹೇಳಿರುತ್ತಾರೆ: ನಿಯಂತ್ರಕ ತನ್ನ ಹಿಂದಿನ ತಪ್ಪುಗಳನ್ನು ಕೂಡಿಟ್ಟುಕೊಂಡು ಅದರ ಬಲದ ಮೇಲೆ ತಳ್ಳುತ್ತಿರುತ್ತದೆ. ಆ ಮೊತ್ತವನ್ನು ಹಳೆಯ ನಿಯಂತ್ರಕ ಹೊಸದಕ್ಕೆ ದಾಟಿಸದಿದ್ದರೆ ಹೊಸದು ಸೊನ್ನೆಯಿಂದ ಶುರುಮಾಡುತ್ತದೆ. ಗಾಡಿ ಒಂದು ಕ್ಷಣ ಹಿಂದೆ ಬಿದ್ದು ಆಮೇಲೆ ಜಗ್ಗುತ್ತದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿದ್ದ ಬಂಪ್‌ಲೆಸ್ ಟ್ರಾನ್ಸ್‌ಫರ್ ಇರುವುದು ಈ ಜಗ್ಗಾಟವನ್ನು ತಪ್ಪಿಸಲೆಂದೇ.

ಇನ್ನು ದಾರಿ ಕವಲೊಡೆಯುವ ಜಾಗ. ರೈಲಿನಂತೆ ಹಳಿಯನ್ನೇ ಸರಿಸುವ ಪಾಯಿಂಟ್ ಇಟ್ಟರೆ, ಎರಡು ಗಾಡಿಗಳ ನಡುವೆ ಸಿಗುವ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅದು ಸರಿದು ಭದ್ರವಾಗಿ ಕೂರಬೇಕು. ಆಗದ ಮಾತು. 2017ರಲ್ಲಿ ಬಿ ಅಂಡ್ ಆರ್ ಎಂಬ ಆಸ್ಟ್ರಿಯಾದ ಕಂಪನಿ ಬೇರೊಂದು ದಾರಿಯನ್ನು ಮಾರುಕಟ್ಟೆಗೆ ತಂದಿತು. ಕವಲಿನಲ್ಲಿ ಗಾಡಿಯ ಎರಡೂ ಪಕ್ಕಕ್ಕೆ ಹಳಿಗಳು ಎದುರುಬದುರು ಇರುತ್ತವೆ, ಗಾಡಿಯ ಎರಡೂ ಮಗ್ಗುಲಿಗೆ ಅಯಸ್ಕಾಂತ. ಒಂದು ಕಡೆಯ ಸೆಳೆತವನ್ನು ವಿದ್ಯುತ್ತಿನಿಂದ ಹೆಚ್ಚಿಸಿ ಇನ್ನೊಂದನ್ನು ತಗ್ಗಿಸಿದರೆ ಗಾಡಿ ಹೆಚ್ಚು ಸೆಳೆದ ಕಡೆಗೆ ಅಂಟಿಕೊಂಡು ಹೋಗುತ್ತದೆ. ಸರಿಯುವ ಭಾಗ ಒಂದೂ ಇಲ್ಲ. ಇಲ್ಲೂ ನೋಡಿ, ಕವಲಿನ ಉದ್ದಕ್ಕೂ ಗಾಡಿ ಇಬ್ಬರ ಹಿಡಿತದಲ್ಲಿರುತ್ತದೆ, ಪೆಟ್ ಬಾಟಲಿಯ ಕುತ್ತಿಗೆಯ ಹಾಗೆಯೇ.

ಈ ಗಾಡಿಗಳೇ ಇನ್ನು ಎಲ್ಲ, ಸ್ಟಾರ್ ವೀಲ್ ಗುಜರಿಗೆ ಎಂದು ಮಾರುವವರು ಹೇಳುತ್ತಾರೆ. ನಂಬಬೇಡಿ. ದಿನವಿಡೀ ಒಂದೇ ಬಾಟಲಿ, ಒಂದೇ ವೇಗ ಎಂದಾದರೆ ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಪ್ಲಾಸ್ಟಿಕ್ ಹಲಗೆಯಿಂದ ಕತ್ತರಿಸಿದ ಚಕ್ರವನ್ನು ಮೀರಿಸುವುದು ಕಷ್ಟ. ಬೆಳಿಗ್ಗೆ ಒಂದು ಅಳತೆ, ಮಧ್ಯಾಹ್ನ ಇನ್ನೊಂದು ಎನ್ನುವ ಔಷಧಿ, ಸುಗಂಧದ್ರವ್ಯಗಳ ಕಡೆ ಗಾಡಿಗಳು ತಮ್ಮ ಬೆಲೆಯನ್ನು ದುಡಿದುಕೊಳ್ಳುತ್ತವೆ.

ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಸಿಗದೇ ಇರುವುದನ್ನು ಈಗ ಹೇಳುತ್ತೇನೆ. ಎರಡು ಯಂತ್ರಗಳ ನಡುವೆ ಅಲುಗಾಡದ ಒಂದು ಚಿಕ್ಕ ತಗಡು ಇರುತ್ತದೆ, ಡೆಡ್ ಪ್ಲೇಟ್ ಅನ್ನುತ್ತೇವೆ. ಹಿಂದಿನ ಬಾಟಲಿ ನೂಕಿದರೆ ಮುಂದಿನದು ಅದರ ಮೇಲೆ ಜಾರಿ ದಾಟುತ್ತದೆ. ಪಾಳಿಯ ಕೊನೆಯ ಬಾಟಲಿಯನ್ನು ನೂಕುವವರಿಲ್ಲದೆ ಅದು ಅಲ್ಲೇ ನಿಲ್ಲುತ್ತದೆ. ಒಂದು ಕಾರ್ಖಾನೆಯಲ್ಲಿ ಆ ತಗಡಿನ ಹತ್ತಿರ ಬಾಟಲಿ ಬೀಳುತ್ತಿತ್ತು. ಫಿಲ್ಲರಿನವರು ತಮ್ಮ ಡ್ರಾಯಿಂಗ್ ತಂದರು, ಎಲ್ಲ ಅಳತೆಯೂ ಸರಿ. ಲೇಬಲ್ ಯಂತ್ರದವರೂ ತಂದರು, ಅದೂ ಸರಿ. ತಗಡಿನ ಡ್ರಾಯಿಂಗ್ ಎಲ್ಲಿ ಎಂದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅದು ಯಾರ ಗುತ್ತಿಗೆಯಲ್ಲೂ ಇರಲಿಲ್ಲ. ರಾತ್ರಿ ಪಾಳಿಯ ಆಪರೇಟರ್ ಒಬ್ಬರು ಅದರ ಒಂದು ಮೂಲೆಯ ಕೆಳಗೆ ಮಡಿಸಿದ ರಟ್ಟು ತುರುಕಿ ಸಾಲನ್ನು ಓಡಿಸುತ್ತಿದ್ದರು. ದಾಟಿ ಹೋಗುವ ಕಡೆಯ ಮಟ್ಟ ಬರುವ ಕಡೆಗಿಂತ ಕೂದಲೆಳೆಯಷ್ಟು ತಗ್ಗಿರಬೇಕು ಎಂಬುದು ಆ ಮನುಷ್ಯನಿಗೆ ಗೊತ್ತಿತ್ತು, ಡ್ರಾಯಿಂಗ್ ತಂದವರಿಗೆ ಗೊತ್ತಿರಲಿಲ್ಲ. ನೀವು ಕೆಲಸಕ್ಕೆ ಸೇರಿದ ಮೇಲೆ ಅಂಥ ರಟ್ಟುಗಳನ್ನು ಹುಡುಕಿ, ಇಟ್ಟವರ ಜೊತೆ ಕೂತು ಚಹಾ ಕುಡಿಯಿರಿ. ಡ್ರಾಯಿಂಗ್‌ಗೆ ನಿಮ್ಮ ಹೆಸರು ಹಾಕುವಾಗ ಆ ತಗಡನ್ನೂ ಸೇರಿಸಿಕೊಳ್ಳಿ, ಸಂಬಳ ಹೆಚ್ಚು ಕೊಡದಿದ್ದರೂ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಇದು ನಮ್ಮ ಊರಿನ ಕಡೆಯದು. ಕರೆಂಟು ಹೋದರೆ ಏನಾಗುತ್ತದೆ? ಹಳೆಯ ಸಾಲಿನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಉದ್ದನೆಯ ಶಾಫ್ಟು, ಗೇರುಗಳು. ಕರೆಂಟು ಹೋದರೂ ಎಲ್ಲವೂ ಒಟ್ಟಿಗೆ ನಿಧಾನವಾಗಿ ಒಟ್ಟಿಗೆ ನಿಲ್ಲುತ್ತಿದ್ದವು. ಈಗ ಪ್ರತಿಯೊಂದಕ್ಕೂ ಸ್ವಂತ ಮೋಟಾರು. ಭಾರವಾದ ಫಿಲ್ಲರ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ, ಹಗುರವಾದ ಚಕ್ರ ತಟ್ಟನೆ ನಿಲ್ಲುತ್ತದೆ, ನಡುವಿನ ಬಾಟಲಿಗಳು ಪುಡಿ. ಗಾಡಿಗಳ ಹಳಿ ಇಳಿಜಾರಿದ್ದರೆ ಗಾಡಿ ಜಾರುತ್ತದೆ. ಇದಕ್ಕೆ ಮದ್ದಿದೆ: ಎಲ್ಲ ಡ್ರೈವ್‌ಗಳಿಗೂ ಒಂದೇ ಡಿಸಿ ಬಸ್, ಅಂದರೆ ಎಲ್ಲರೂ ಹಂಚಿಕೊಳ್ಳುವ ವಿದ್ಯುತ್ ಮಾರ್ಗ, ಕೊಟ್ಟು, ತಿರುಗುತ್ತಿರುವ ಫಿಲ್ಲರನ್ನೇ ಆ ಕ್ಷಣಕ್ಕೆ ಜನರೇಟರ್ ಮಾಡಿ, ಅದರ ಶಕ್ತಿಯಿಂದಲೇ ಉಳಿದವರನ್ನೆಲ್ಲ ಹೆಜ್ಜೆ ತಪ್ಪದಂತೆ ನಿಲುಗಡೆಗೆ ತರುವುದು. ಕ್ಯಾಟಲಾಗಿನಲ್ಲಿ ಎಲ್ಲರೂ ಇದನ್ನು ಬರೆದಿರುತ್ತಾರೆ. ನಾನು ಮಾತ್ರ ಹೊಸ ಸಾಲನ್ನು ಒಪ್ಪಿಕೊಳ್ಳುವ ಮುನ್ನ ಪೂರ್ತಿ ವೇಗದಲ್ಲಿ, ತುಂಬಿದ ಬಾಟಲಿಗಳೊಂದಿಗೆ ಓಡಿಸಿ, ಮೇನ್ ಸ್ವಿಚ್ ಆಫ್ ಮಾಡಿಸುತ್ತೇನೆ. ಮಾರಿದವರ ಮುಖ ಸಪ್ಪಗಾಗುತ್ತದೆ. ಆಗಲಿ. ಎಷ್ಟು ಬಾಟಲಿ ಬಿದ್ದವು, ಕರೆಂಟು ಮರಳಿದ ಮೇಲೆ ಮೊದಲ ಒಳ್ಳೆಯ ಬಾಟಲಿ ಹೊರಬರಲು ಎಷ್ಟು ನಿಮಿಷ ಹಿಡಿಯಿತು ಎಂಬ ಎರಡು ಸಂಖ್ಯೆ ಬರೆದುಕೊಳ್ಳುತ್ತೇನೆ, ಸಹಿ ಆಮೇಲೆ. ನೀವೂ ಹಾಗೇ ಮಾಡಿ. ಯಾರಾದರೂ ಬೇಡ ಎಂದರೆ ನನ್ನ ಹೆಸರು ಹೇಳಿ.